ಸಿಂಕ್ ಕೊಳವೆಯ ಸೋಂಕು ಮತ್ತು ಯುವಿ-ಸಿ ಕಿರಣ

ಕೈ ಶುಚಿಗೆಂದು ಇಟ್ಟ ಸಿಂಕೇ ಸೋಂಕು ಹರಡುವುದು ಆಸ್ಪತ್ರೆಗಳ ಹಳೆಯ ತಲೆನೋವು. ಸಿಂಕಿನ ಕೆಳಗಿನ ಬಾಗಿದ ಕೊಳವೆಯೇ ಪಿ-ಟ್ರ್ಯಾಪ್. ಅದರಲ್ಲಿ ಸದಾ ನಿಲ್ಲುವ ನೀರು ಚರಂಡಿಯ ದುರ್ವಾಸನೆಯನ್ನು ತಡೆಯುತ್ತದೆ. ಆದರೆ ಸ್ಯೂಡೋಮೊನಾಸ್, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳಿಗೂ ಅದೇ ಮನೆ. ಇವು ಒಳಗೋಡೆಗೆ ಲೋಳೆಯಾಗಿ ಅಂಟಿ ಕಟ್ಟುವ ಪದರಕ್ಕೆ ಬಯೋಫಿಲ್ಮ್ ಎಂದು ಹೆಸರು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೋಷಕಾಂಶ ಸಿಕ್ಕಾಗ ಬ್ಯಾಕ್ಟೀರಿಯಾಗಳು ದಿನಕ್ಕೆ ಸುಮಾರು 1 ಅಂಗುಲ ಮೇಲೇರಿದವು. ಸಿಂಕಿನ ತಳದ ಜಾಲರಿ ಮುಟ್ಟಿದ ಮೇಲೆ, ನಲ್ಲಿ ತಿರುಗಿಸಿದರೆ ಸಾಕು, ಹನಿಗಳ ಜೊತೆ ಸುತ್ತಲೂ ಸಿಡಿಯುತ್ತವೆ. ಹಾಲು, ಉಳಿದ ಪಾನೀಯ, ಡ್ರಿಪ್ ದ್ರವವನ್ನು ಸಿಂಕಿಗೆ ಸುರಿಯಬಾರದು ಎನ್ನುವುದು ಇದಕ್ಕೇ.

ಬ್ಲೀಚ್ ಸುರಿದರೂ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತದೆ. ಹಾಗಾಗಿ ಕೊಳವೆಯೊಳಗೇ ಯುವಿ-ಸಿ (ಅತಿನೇರಳೆ) ದೀಪ ಕೂರಿಸುವ ಪ್ರಯತ್ನ ನಡೆದಿದೆ. ಯುವಿ-ಸಿ ತರಂಗಾಂತರ 100–280 ನ್ಯಾನೋಮೀಟರ್. ಸೂರ್ಯನ ಯುವಿ-ಸಿಯನ್ನು ವಾತಾವರಣವೇ ತಡೆಯುವುದರಿಂದ ಅದನ್ನು ದೀಪದಿಂದಲೇ ಪಡೆಯಬೇಕು. ಕಡಿಮೆ ಒತ್ತಡದ ಪಾದರಸ ದೀಪ ಮುಖ್ಯವಾಗಿ 253.7 ನ್ಯಾನೋಮೀಟರ್ ಕಿರಣ ಸೂಸುತ್ತದೆ. ಇದು ಡಿಎನ್ಎಯಲ್ಲಿ ಅಕ್ಕಪಕ್ಕದ ಥೈಮಿನ್‌ಗಳನ್ನು ಬೆಸೆಯುತ್ತದೆ. ಬ್ಯಾಕ್ಟೀರಿಯಾ ಮುಂದೆ ವಿಭಜನೆಯಾಗದು.

ದೊಡ್ಡ ಮಿತಿಯೊಂದಿದೆ: ಕಿರಣ ಬಿದ್ದಲ್ಲಷ್ಟೇ ಫಲ. ಕೊಳವೆಯ ತಿರುವು, ಕದಡಿದ ನೀರು, ದಪ್ಪ ಬಯೋಫಿಲ್ಮ್ ಮೂರೂ ಅಡ್ಡಿ. ಬ್ಯಾಕ್ಟೀರಿಯಾಗಳ ಸಂಖ್ಯೆ ತಗ್ಗಿಸಬಹುದು, ನಿರ್ಮೂಲ ಕಷ್ಟ. ಬರಿಗಣ್ಣಿಗೂ ಚರ್ಮಕ್ಕೂ ಈ ಕಿರಣ ಅಪಾಯಕಾರಿ.