ಕವಚ ತೊಟ್ಟ ನೊಣ

ಬೋರ್ನಿಯೋ ದ್ವೀಪದ ಮಳೆಕಾಡಿನಲ್ಲಿ, ತೊರೆಯ ಅಂಚಿನ ತೇವವಾದ ಎಲೆಗಳ ಮೇಲೆ, ಹೆಸರುಕಾಳಿನ ಗಾತ್ರದ ಒಂದು ಕೀಟವು ಕುಳಿತಿರುವುದುಂಟು. ಅದರ ಬೆನ್ನು ಗುಮ್ಮಟದಂತೆ ಉಬ್ಬಿ, ಲೋಹದಂತೆ ಹೊಳೆಯುತ್ತದೆ. ಕಂಡವರು ಅದನ್ನು ಜೀರುಂಡೆಯೆಂದೇ ತಿಳಿಯುವರು. ಆದರೆ ಅದು ಜೀರುಂಡೆಯಲ್ಲ, ನೊಣ! ಹಾಗೆಂದು ಹೇಳುವುದು ಹೇಗೆ?

ಕೀಟಗಳನ್ನು ರೆಕ್ಕೆಗಳ ಆಧಾರದ ಮೇಲೆ ವಿಂಗಡಿಸುವ ಪದ್ಧತಿ ಬಹು ಹಳೆಯದು. ಗ್ರೀಸ್ ದೇಶದ ಅರಿಸ್ಟಾಟಲನು ಜೀರುಂಡೆಗಳನ್ನು 'ಒರೆಯಂಥ ರೆಕ್ಕೆಯವು' ಎಂದೂ ನೊಣಗಳನ್ನು 'ಎರಡು ರೆಕ್ಕೆಯವು' ಎಂದೂ ಕರೆದನು. ಜೀರುಂಡೆಗೆ ನಾಲ್ಕು ರೆಕ್ಕೆಗಳು. ಮುಂದಿನ ಎರಡು ಗಡುಸಾಗಿ ಮುಚ್ಚಳಗಳಾಗಿವೆ. ಅವು ಕೂಡುವೆಡೆ ಬೆನ್ನಿನ ನಡುವೆ ನೇರವಾದ ಗೆರೆಯೊಂದು ಕಾಣುತ್ತದೆ. ನಮ್ಮ ಕೀಟವನ್ನು ಭೂತಗನ್ನಡಿಯಲ್ಲಿ ನೋಡಿದರೆ ಆ ಗೆರೆಯೇ ಇಲ್ಲ. ಬೆನ್ನಿನ ಚಿಪ್ಪು ಒಂದೇ ಅಖಂಡವಾದ ತುಂಡು. ಸಂದೇಹ ಹುಟ್ಟಲು ಇಷ್ಟು ಸಾಕು.

ಚಿಪ್ಪಿನ ಕೆಳಗೆ ಇಣುಕಿದರೆ ತೆಳುವಾದ ಎರಡೇ ರೆಕ್ಕೆಗಳು ಮಡಿಸಿಕೊಂಡಿರುತ್ತವೆ. ಅವುಗಳ ಹಿಂದೆ ಸಣ್ಣ ಗುಂಡುಸೂಜಿಗಳಂಥ ಎರಡು ಅಂಗಗಳಿವೆ. ನೊಣದ ಹಿಂದಿನ ಜೊತೆ ರೆಕ್ಕೆಗಳೇ ಹೀಗೆ ಮಾರ್ಪಟ್ಟು, ಹಾರುವಾಗ ದೇಹದ ಸಮತೋಲವನ್ನು ಕಾಯುತ್ತವೆ. ಜೀರುಂಡೆಗೆ ಇಂಥವು ಇಲ್ಲ. ಬಾಯಿಯೂ ಅಷ್ಟೇ: ಜೀರುಂಡೆಯಂತೆ ಕಚ್ಚಿ ಅಗಿಯುವ ದವಡೆಗಳಿಲ್ಲ, ದ್ರವವನ್ನು ಹೀರುವ ಮೆತ್ತನೆಯ ಸೊಂಡಿಲಿದೆ.

ಹಾಗಾದರೆ ಆ ಚಿಪ್ಪು ಯಾವುದು? ಸಾಮಾನ್ಯ ನೊಣದ ಎದೆಯ ಹಿಂತುದಿಯಲ್ಲಿ ಸ್ಕುಟೆಲಂ ಎಂಬ ಪುಟ್ಟ ಫಲಕವಿರುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ಕಿರುಗುರಾಣಿ ಎಂದರ್ಥ. ಈ ನೊಣದಲ್ಲಿ ಆ ಕಿರುಗುರಾಣಿಯೇ ಹಿಗ್ಗಿ ಬೆಳೆದು ಹೊಟ್ಟೆಯನ್ನೂ ರೆಕ್ಕೆಗಳನ್ನೂ ಮುಚ್ಚಿದೆ. ಜೀರುಂಡೆಯು ಹಾರಬೇಕಾದರೆ ಮುಚ್ಚಳಗಳನ್ನು ಎತ್ತಬೇಕು. ಈ ನೊಣದ ಚಿಪ್ಪು ಕದಲುವುದಿಲ್ಲ. ರೆಕ್ಕೆಗಳೇ ಪಕ್ಕದಿಂದ ಹೊರಬಂದು ಬಿಚ್ಚಿಕೊಳ್ಳುತ್ತವೆ.

ಇಂಥ ವೇಷ ಇದೊಂದಕ್ಕೇ ಮೀಸಲಲ್ಲ. ನಮ್ಮ ಕಾಡುಹರಳು ಗಿಡಗಳ ಮೇಲೆ ಗುಂಪುಗೂಡುವ ಥಳಥಳಿಸುವ ತಿಗಣೆಗಳಲ್ಲಿಯೂ ಇದೇ ಫಲಕ ಬೆಳೆದು ಬೆನ್ನನ್ನು ಮುಚ್ಚಿದೆ. ಅವನ್ನೂ ಜನ ಜೀರುಂಡೆಗಳೆನ್ನುತ್ತಾರೆ. ಅವುಗಳ ಮೂತಿಯು ಚುಚ್ಚಿ ಹೀರುವ ಸೂಜಿಯಂತಿರುವುದರಿಂದ ಗುಟ್ಟು ಬಯಲಾಗುತ್ತದೆ.

ಸ್ವೀಡನ್ನಿನ ವಿಜ್ಞಾನಿ ಡಾಲ್ಮನ್ನನು 1818ರಲ್ಲಿ ಈ ನೊಣಗಳ ಒಂದು ಪ್ರಭೇದಕ್ಕೆ ಸೆಲಿಫಸ್ ಆಬ್ಟೆಕ್ಟಸ್ ಎಂದು ಹೆಸರಿಟ್ಟನು. ಗ್ರೀಕಿನಲ್ಲಿ ಕೆಲಿಫೋಸ್ ಎಂದರೆ ಚಿಪ್ಪು. ಆಬ್ಟೆಕ್ಟಸ್ ಎಂದರೆ ಮುಚ್ಚಲ್ಪಟ್ಟದ್ದು. ಹೆಸರು ಎಷ್ಟು ಒಪ್ಪುತ್ತದೆ! ಇಂದು ಸೆಲಿಫಿಡೇ ಕುಟುಂಬದಲ್ಲಿ ನೂರರಷ್ಟು ಪ್ರಭೇದಗಳು ತಿಳಿದಿದ್ದು, ಹೆಚ್ಚಿನವು ಏಷ್ಯಾ ಮತ್ತು ಆಫ್ರಿಕಾಗಳ ಬಿಸಿನಾಡುಗಳವು, ಭಾರತದಲ್ಲಿಯೂ ಇವೆ.

ಈ ವೇಷದಿಂದ ಲಾಭವೇನು? ಕೆಲವು ಜೀರುಂಡೆಗಳು ಗಡುಸು, ಕೆಲವು ಬಲು ಕಹಿ. ಹಕ್ಕಿಗಳು ಅವನ್ನು ಬಿಟ್ಟುಬಿಡುತ್ತವೆ. ರುಚಿಯಾದ ಜೀವಿಯು ಅರುಚಿಯಾದುದನ್ನು ಹೋಲಿ ಬದುಕುವ ಬಗೆಯನ್ನು ಬೇಟ್ಸ್ ಎಂಬ ಆಂಗ್ಲ ಪ್ರಕೃತಿವಿಜ್ಞಾನಿಯು 1862ರಲ್ಲಿ ಅಮೆಜಾನಿನ ಚಿಟ್ಟೆಗಳಲ್ಲಿ ತೋರಿಸಿದನು. ಆದರೆ ಹೋಲಿಕೆ ಕಂಡೊಡನೆ ಅನುಕರಣೆಯೆಂದು ತೀರ್ಮಾನಿಸುವುದು ಆತುರವಾದೀತು. ಗಟ್ಟಿಯಾದ ಚಿಪ್ಪು ಯಾರನ್ನೂ ವಂಚಿಸದೆಯೇ ಮೃದುವಾದ ಹೊಟ್ಟೆಯನ್ನು ಕಾಯಬಲ್ಲದು. ಜೀರುಂಡೆಯ ಕಹಿಯನ್ನು ಒಮ್ಮೆ ಸವಿದ ಹಕ್ಕಿಯು ಅನಂತರ ಈ ನೊಣವನ್ನೂ ಮುಟ್ಟದೆ ಹೋದರೆ ಮಾತ್ರ ಅದನ್ನು ಅನುಕರಣೆಯೆಂದು ಒಪ್ಪಬಹುದು.