ಭೂಸ್ವಾಧೀನದ ನೋಟಿಸು ಬಂದರೆ: ಪಹಣಿ, ಮಹಜರು, ತಕರಾರು

ಹೆದ್ದಾರಿಗೋ ಕೈಗಾರಿಕಾ ಪ್ರದೇಶಕ್ಕೋ ಜಮೀನು ಹೋಗುತ್ತದೆಂಬ ಸುದ್ದಿ ಬಂದರೆ ಊರೆಲ್ಲ ಕೇಳುವುದು ಒಂದೇ: ಎಕರೆಗೆ ಎಷ್ಟು? ಆದರೆ ಕೈಗೆ ಸಿಗುವ ಮೊತ್ತ ದರದ ಮೇಲೆ ಎಷ್ಟು ನಿಂತಿದೆಯೋ ಪಹಣಿಯ ನಮೂದು ಮತ್ತು ಅಳತೆ ದಿನದ ಮಹಜರಿನ ಮೇಲೂ ಅಷ್ಟೇ ನಿಂತಿದೆ.

ನೋಟಿಸು ಬಂದ ಕೂಡಲೇ ಅದು ಯಾವ ಕಾಯ್ದೆಯದು ಎಂದು ನೋಡಿ. 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆಯಾದ 60 ದಿನದೊಳಗೆ ಆಕ್ಷೇಪಣೆ ಸಲ್ಲಿಸಬಹುದು. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಬರೀ 21 ದಿನ. ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ತೆಗೆದುಕೊಳ್ಳುವುದಾದರೆ ಅದರ 1966ರ ಕಾಯ್ದೆಯ 28(2)ನೇ ಕಲಮಿನ ನೋಟಿಸು ಬರುತ್ತದೆ, ಅದು ಕೈಸೇರಿದ 30 ದಿನದೊಳಗೆ ಉತ್ತರಿಸಬೇಕು. ಆಕ್ಷೇಪಣೆ ಬರಹದಲ್ಲಿರಲಿ, ನಿಮ್ಮ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿ. ‘ಏನು ಬರೆದರೂ ತಗೊಂಡೇ ತಗೊಳ್ತಾರೆ’ ಎಂದು ಸುಮ್ಮನಾಗುವುದು ತಪ್ಪು. ಆಸ್ತಿ ಹಕ್ಕು 1978ರ ತಿದ್ದುಪಡಿಯಿಂದ ಮೂಲಭೂತ ಹಕ್ಕಾಗಿ ಉಳಿಯಲಿಲ್ಲ, ನಿಜ. ಆದರೂ ಸಂವಿಧಾನದ 300ಎ ವಿಧಿಯ ಪ್ರಕಾರ ನೋಟಿಸು, ವಿಚಾರಣೆ, ಕಾರಣ ಸಹಿತ ತೀರ್ಮಾನ, ನ್ಯಾಯಯುತ ಪರಿಹಾರ ಎಲ್ಲವೂ ಭೂಮಾಲೀಕನ ಹಕ್ಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಅದಕ್ಕೆ ಅಲ್ಲಿನ ರೈತರು ಮೂರು ವರ್ಷಕ್ಕೂ ಮೇಲೆ ಧರಣಿ ಕೂರಬೇಕಾಯಿತು ಎನ್ನುವುದೂ ನೆನಪಿರಲಿ.

ಇನ್ನು ಹಣದ ಲೆಕ್ಕ. 2013ರ ಕಾಯ್ದೆಯಲ್ಲಿ ಭೂಮಿಯ ಮಾರುಕಟ್ಟೆ ಬೆಲೆಯನ್ನು ಗ್ರಾಮೀಣ ಪ್ರದೇಶಕ್ಕೆ ಗೊತ್ತುಪಡಿಸಿದ ಅಂಶದಿಂದ (1ರಿಂದ 2ರವರೆಗೆ) ಗುಣಿಸುತ್ತಾರೆ. ಅದಕ್ಕೆ ಮರ, ಕೊಳವೆಬಾವಿ, ಪಂಪ್‌ಹೌಸಿನ ಬೆಲೆ ಕೂಡಿಸಿ, ಬಂದ ಮೊತ್ತಕ್ಕೆ ಶೇ 100ರಷ್ಟು ಸಾಂತ್ವನ ಧನ ಸೇರಿಸುತ್ತಾರೆ. ಉದಾಹರಣೆಗೆ ಎಕರೆಗೆ 10 ಲಕ್ಷ, ಅಂಶ 1.5 ಎಂದಿಟ್ಟುಕೊಳ್ಳಿ: 15 ಲಕ್ಷ. ಮರ, ಬೋರ್‌ವೆಲ್‌ಗೆ 3 ಲಕ್ಷ ಸೇರಿ 18. ಸಾಂತ್ವನ ಧನದೊಂದಿಗೆ 36 ಲಕ್ಷ. ಮಹಜರಿನಲ್ಲಿ 50 ಸಾವಿರದ ಮರಗಳು ಬಿಟ್ಟುಹೋದರೆ ಕಳೆದುಕೊಳ್ಳುವುದು ಒಂದು ಲಕ್ಷ.

ಹಾಗಾಗಿ ಜಂಟಿ ಅಳತೆಯ ದಿನ ಮನೆಯವರೊಬ್ಬರು ತೋಟದಲ್ಲೇ ಇರಬೇಕು. ಅಡಿಕೆ, ತೆಂಗು, ಮಾವು ಎಷ್ಟೆಷ್ಟು, ವಯಸ್ಸೆಷ್ಟು, ಬದುವಿನ ಮೇಲಿನ ತೇಗ, ಹೊಂಗೆ ಎಷ್ಟು ಎಂದು ಮೊದಲೇ ಪಟ್ಟಿ ಮಾಡಿ ಫೋಟೊ ತೆಗೆದಿಡಿ. ನೆಲದೊಳಗೆ ಹೂತ ಪೈಪ್‌ಲೈನು ಯಾರ ಕಣ್ಣಿಗೂ ಬೀಳುವುದಿಲ್ಲ, ನೀವೇ ತೋರಿಸಬೇಕು. ರಸ್ತೆ ನಡುವೆ ಹಾದು ಜಮೀನು ಎರಡು ತುಂಡಾದರೆ, ಗಾಡಿ ದಾರಿ, ನೀರುಗಾಲುವೆ ತಪ್ಪಿದರೆ ಆ ನಷ್ಟಕ್ಕೂ ಪರಿಹಾರ ಕೇಳಬಹುದು. ಮಹಜರನ್ನು ಓದದೆ ಸಹಿ ಹಾಕಬೇಡಿ.

ಪಹಣಿಯಲ್ಲಿ ತೀರಿಹೋದ ಅಜ್ಜನ ಹೆಸರೇ ಇದ್ದರೆ ಪರಿಹಾರ ಅಣ್ಣತಮ್ಮಂದಿರ ವ್ಯಾಜ್ಯದಲ್ಲಿ ಸಿಕ್ಕಿಕೊಂಡು ವರ್ಷಗಟ್ಟಲೆ ಠೇವಣಿಯಲ್ಲೇ ಕೂರುತ್ತದೆ. ಪೌತಿ ಖಾತೆ, ಪೋಡಿ ಇವತ್ತೇ ಮಾಡಿಸಿ. ತೋಟವಿದ್ದರೂ 12ನೇ ಕಾಲಂನಲ್ಲಿ ರಾಗಿ ಎಂದಿದ್ದರೆ ಬೆಳೆ ಸಮೀಕ್ಷೆಯ ವೇಳೆ ಸರಿಪಡಿಸಿಕೊಳ್ಳಿ.

ನಾವೇ ಮಾಡಿಕೊಂಡ ಎಡವಟ್ಟೂ ಒಂದಿದೆ. ಮಾರುಕಟ್ಟೆ ಬೆಲೆಗೆ ಒಂದು ಆಧಾರ, ಸುತ್ತಮುತ್ತ ಹಿಂದಿನ ಮೂರು ವರ್ಷಗಳಲ್ಲಿ ನೋಂದಣಿಯಾದ ಕ್ರಯಪತ್ರಗಳು. ಮುದ್ರಾಂಕ ಶುಲ್ಕ ಉಳಿಸಲು 40 ಲಕ್ಷದ ವ್ಯವಹಾರವನ್ನು 12 ಲಕ್ಷಕ್ಕೆ ಬರೆಸಿದರೆ, ನಾಳೆ ಸರ್ಕಾರ ನೋಡುವುದು ಆ 12ನ್ನೇ. ಬರೆಸಿದವನ ಜೊತೆಗೆ ಪಕ್ಕದ ಹೊಲದವನಿಗೂ ಪೆಟ್ಟು.

ಐತೀರ್ಪಿನ (ಪರಿಹಾರ ನಿಗದಿಯ ಆದೇಶದ) ದರ ಒಪ್ಪಿಗೆಯಿಲ್ಲವೇ? ಹಣ ಬೇಡವೆನ್ನಬೇಕಾಗಿಲ್ಲ, ಆದರೆ ‘ತಕರಾರಿನೊಂದಿಗೆ ಪಡೆದಿದ್ದೇನೆ’ ಎಂದು ಬರೆದೇ ಪಡೆಯಿರಿ. ಈ ಸಾಲಿಲ್ಲದೆ ಹಣ ಪಡೆದವರಿಗೆ 2013ರ ಕಾಯ್ದೆಯ 64ನೇ ಕಲಮಿನಡಿ ಹೆಚ್ಚಿನ ಪರಿಹಾರ ಕೇಳುವ ಹಕ್ಕಿಲ್ಲ. ಐತೀರ್ಪಿನ ವೇಳೆ ನೀವು ಹಾಜರಿದ್ದರೆ ಅರ್ಜಿಗೆ ಆರು ವಾರವಷ್ಟೇ ಗಡುವು. ರಾಷ್ಟ್ರೀಯ ಹೆದ್ದಾರಿಗೆ ಹೋದ ಜಮೀನಾದರೆ ಮಧ್ಯಸ್ಥಗಾರರ ಮುಂದೆ ಹೋಗಬೇಕು. ವಕೀಲರ ಫೀಸಿಗೆ ಅಂಜಿ ತಡ ಮಾಡಬೇಡಿ: ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ, ಉಳಿದ ಬಹುತೇಕರಿಗೆ ಆದಾಯದ ಮಿತಿಯೊಳಗೆ ನೆರವು ಉಚಿತ.