ಗೋಡೆಯೊಳಗಿನ ಪೆಟ್ಟಿಗೆ

ನಾವು ದಿನಾ ಸ್ವಿಚ್ ಒತ್ತುತ್ತೇವೆ. ಅದರ ಹಿಂದೆ ಗೋಡೆಯೊಳಗೆ ಏನಿದೆ ಗೊತ್ತೇ? ತಗಡಿನದೋ ಪ್ಲಾಸ್ಟಿಕ್ಕಿನದೋ ಒಂದು ಪೆಟ್ಟಿಗೆ. ವೈರ್‌ಮನ್‌ಗಳು ಅದಕ್ಕೆ ‘ಬಾಕ್ಸ್’ ಅನ್ನುತ್ತಾರೆ.

ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಲ್ಲಿ ದೀಪ ಹತ್ತಿದ್ದು 1905ರಲ್ಲಿ. ಹಲಸೂರು, ಶಿವಾಜಿನಗರದ ಹಳೇ ಮನೆಗಳಲ್ಲಿ ವೈರನ್ನು ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಗೋಡೆಯ ಹೊರಗೇ ಎಳೆಯುತ್ತಿದ್ದರು. ವೈರ್ ಕೆಟ್ಟರೆ ಕಾಣುತ್ತಿತ್ತು. ಈಗ ಕೆ.ಆರ್.ಪುರದ ಕಡೆ ಏಳುವ ಹೊಸ ಮನೆಗಳಲ್ಲಿ ಎಲ್ಲಾ ಗೋಡೆಯೊಳಗೆ. ಪ್ಲಾಸ್ಟರಿಂಗ್ ಆದ ಮೇಲೆ ತಪ್ಪು ಕಾಣೋದಿಲ್ಲ. ಆದ್ದರಿಂದ ಅದಕ್ಕೂ ಮುಂಚೆಯೇ ಇವನ್ನು ನೋಡಬೇಕು.

1. ಗೋಡೆಯ ದಪ್ಪ: ಒಳಗೋಡೆಯ ಬ್ಲಾಕ್ ಸಾಮಾನ್ಯವಾಗಿ 4 ಇಂಚು. ಬಾಕ್ಸಿನ ಆಳ ಸುಮಾರು 2 ಇಂಚು. ಒಂದೇ ಜಾಗದಲ್ಲಿ ಎರಡೂ ಕಡೆ ಬಾಕ್ಸ್ ಕೂರಿಸಿದರೆ? 4 ರಲ್ಲಿ 4 ಕಳೆದರೆ ಸೊನ್ನೆ! ಗೋಡೆಯೇ ಉಳಿಯೋದಿಲ್ಲ. ಒಂದನ್ನು ಪಕ್ಕಕ್ಕೆ ಸರಿಸಬೇಕು. ಪೈಪಿನ ಗಾಡಿಯನ್ನು ಮೇಲಿಂದ ಕೆಳಕ್ಕೆ ನೇರವಾಗಿ ಹೊಡೆಯಬೇಕು. ಅಡ್ಡಡ್ಡ ಉದ್ದಕ್ಕೆ ಕೊರೆದರೆ ಗೋಡೆ ಬಲಹೀನ.

2. ಭದ್ರತೆ: ಬಾಕ್ಸಿನ ಸುತ್ತ ಸಿಮೆಂಟ್ ಗಾರೆ ತುಂಬಬೇಕು. ಅಲುಗಾಡುವ ಬಾಕ್ಸಿನಿಂದ ಪ್ಲಗ್ ಕೀಳುವಾಗ ವೈರ್ ಸಡಿಲವಾಗುತ್ತೆ. ಸಡಿಲ ವೈರ್ ಕಿಡಿ ಕಾರುತ್ತೆ, ಬಿಸಿಯಾಗುತ್ತೆ. ಬೆಂಕಿ ಅಲ್ಲಿಂದಲೇ ಶುರು.

3. ವೈರಿನ ಚರ್ಮ: ತಗಡಿನ ತೂತಿನ ಅಂಚು ಚಾಕುವಿನ ಹಾಗೆ. ಪೈಪಿನ ತುದಿ ಬಾಕ್ಸಿನೊಳಗೆ ಬಂದಿರಬೇಕು, ತೂತಿಗೆ ಬುಷ್ ಹಾಕಿರಬೇಕು.

4. ಅರ್ಥಿಂಗ್: ತಗಡಿನ ಬಾಕ್ಸಿಗೆ ಹಸಿರು ವೈರ್ ಕಟ್ಟಲೇಬೇಕು. ಇಲ್ಲದಿದ್ದರೆ, ಒಳಗೆ ವೈರ್ ಸುಲಿದು ಬಾಕ್ಸಿಗೆ ತಗುಲಿದ ದಿನ 230 ವೋಲ್ಟ್ ಅಲ್ಲೇ ಕಾಯುತ್ತಾ ಕೂತಿರುತ್ತದೆ. ಒದ್ದೆ ಕೈಯಲ್ಲಿ ಸ್ಕ್ರೂ ಮುಟ್ಟಿದರೆ ಸಾಕು. ಹಸಿರು ವೈರ್ ಇದ್ದರೆ ಆ ಕರೆಂಟ್ ಭೂಮಿಗೆ ಹೋಗುತ್ತದೆ.

5. ಕಾವಲುಗಾರ: 6 ಆಂಪಿಯರಿನ ಎಂಸಿಬಿ ಇದೆಯಲ್ಲ, ಸಾಕು ಅನ್ನುತ್ತಾರೆ. ಸಾಲದು. ಮನುಷ್ಯನ ಜೀವ ತೆಗೆಯಲು ಅದರ ನೂರನೇ ಒಂದು ಭಾಗ ಕರೆಂಟ್ ಸಾಕು, ಎಂಸಿಬಿಗೆ ಅದು ಗೊತ್ತೇ ಆಗೋದಿಲ್ಲ. 30 ಮಿಲಿಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಆಫ್ ಆಗುವ ಆರ್‌ಸಿಸಿಬಿಯೂ ಇರಬೇಕು.

ಈ ಕೆಲಸ ಲೈಸೆನ್ಸ್ ಇರುವ ವೈರ್‌ಮನ್ನರದು. ಮೇನ್ ಆಫ್ ಮಾಡಿಯೇ ಮಾಡಬೇಕು. ನಾವು ಮಕ್ಕಳು ಕೈ ಹಾಕಬಾರದು. ಆದರೆ ಕೇಳಬಹುದಲ್ಲ? ನಿಮ್ಮ ಮನೆ ಕಟ್ಟುತ್ತಿದ್ದರೆ ಇವತ್ತೇ ಅಪ್ಪನನ್ನೋ ಅಮ್ಮನನ್ನೋ ಕೇಳಿ: “ಬಾಕ್ಸಿಗೆ ಹಸಿರು ವೈರ್ ಹಾಕಿದ್ದಾರಾ?”